ಜಟಗನ ಕಲ್ಲಿನಿಂದ ಗೋಡೆಗೆ ಒಂದು ದಾರ

ಜೂನ್ 14, ಶನಿವಾರ, ಬೆಳಿಗ್ಗೆ ಆರೂ ನಲವತ್ತಕ್ಕೆ ಶಿರವಾಡದ ನಮ್ಮ ಮನೆಯಿಂದ ಹೊರಟೆ. ಕಾರವಾರ ಬಸ್ ನಿಲ್ದಾಣದವರೆಗೆ ರಿಕ್ಷಾ. ಮಳೆ ಇದೆಯೆಂದು ರಿಕ್ಷಾದವನು ಇಪ್ಪತ್ತು ರೂಪಾಯಿ ಹೆಚ್ಚು ಕೇಳಿದ, ಕೊಟ್ಟೆ. ಅಲ್ಲಿಂದ ಅಂಕೋಲೆಗೆ ಸುಮಾರು ಮೂವತ್ತೈದು ಕಿಲೋಮೀಟರು. ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಚೀಲದಲ್ಲಿ ಎರಡು ಜೊತೆ ಬಟ್ಟೆ, ಟೇಪು, ಒಂದು ಅಡಿಯ ಉಕ್ಕಿನ ಸ್ಕೇಲು, ಗೌಂಡಿಗಳು ಬಳಸುವ ತೂಗುಗುಂಡು ಮತ್ತು ಅಮ್ಮ ಕಟ್ಟಿಕೊಟ್ಟ ಬಾಣಂತಿ ಲೇಹ್ಯದ ಡಬ್ಬಿ ಇದ್ದವು.

ಲೇಹ್ಯ ಶಿಲ್ಪಾಳಿಗೆ. ಶಿಲ್ಪಾ ನನ್ನ ಗುಲಾಬಿ ಮಾವಶಿಯ ಮಗಳು. ಎರಡು ತಿಂಗಳ ಮಗುವಿನೊಡನೆ ತವರಿನಲ್ಲಿದ್ದಳು. ಮಾವಶಿ ಅಮ್ಮನ ತಂಗಿ. ಅಂಕೋಲೆಯಿಂದ ಮಂಜಗುಣಿಯ ಕಡೆಗೆ ಹೋಗುವಾಗ ಗುಡ್ಡ ಹೊಳೆಗೆ ಇಳಿಯುವ ಒಂದು ಜಾಗದಲ್ಲಿ ಅವರ ಮನೆ. ಕೇರಿಯ ಹೆಸರು ಬರೆಯಬೇಡ, ಒಣಮೀನು ಕೊಳ್ಳುವವರು ಹೆದರಿ ಬರುವುದು ಬಿಟ್ಟಾರು ಎಂದು ಮಾವಶಿ ಹೇಳಿದ್ದರಿಂದ ಬರೆಯುತ್ತಿಲ್ಲ. ಗುರುವಾರ ಅವಳು ಫೋನು ಮಾಡಿದ್ದಳು. "ಹೊರಬಾಗ್ಲು ಹಾಕೂಕೆ ಬರೂದಿಲ್ಲ ತಂಗಿ. ಮಳೆಗೆ ಉಬ್ಬಿದೆ ಅಂದ್ರು. ಕೆತ್ತಿಸ್ದೆ. ಮತ್ತೂ ಬರೂದಿಲ್ಲ. ನೀ ಅದೇ ಓದೂದಲ್ಲಾ, ಬಂದು ಕಾಣು." ನಾನು ಓದುತ್ತಿರುವುದು ಸಿವಿಲ್ ಡಿಪ್ಲೊಮಾ, ಕೊನೆಯ ವರ್ಷ. ಬಾಗಿಲು ಉಬ್ಬಿದರೆ ಕೆತ್ತಿದ ಮೇಲೆ ಸರಿಹೋಗಬೇಕು. ಸರಿಹೋಗದಿದ್ದರೆ ಓರೆಯಾಗಿರುವುದು ಚೌಕಟ್ಟು. ಚೌಕಟ್ಟು ಓರೆಯಾದರೆ ಮನೆ ನಿಂತ ನೆಲದ ಮೇಲೇ ಸಂಶಯ ಪಡಬೇಕು.

ಬಿಣಗಾ ದಾಟುವಾಗ ಮಳೆ ಜೋರಾಯಿತು, ಅವರ್ಸಾದಲ್ಲಿ ನಿಂತಿತು. ಅಂಕೋಲೆಯಲ್ಲಿ ಎರಡು ಇಡ್ಲಿ, ಒಂದು ಚಹಾ. ಸಾಂಬಾರು ಬಿಸಿ ಇರಲಿಲ್ಲ. ಮಂಜಗುಣಿ ಬಸ್ಸಿಗೆ ಒಂದು ತಾಸು ಕಾದು, ಒಂಬತ್ತೂವರೆಗೆ ಕೇರಿಯ ತಿರುವಿನಲ್ಲಿ ಇಳಿದೆ.

ಇಳಿದ ಕೂಡಲೇ ಕಾಣುವುದು ಗೋಡೆ. ಕೆಳಗೆ ಹೊಳೆಯ ಪಕ್ಕ, ದೋಣಿ ನಿಲ್ಲುವ ಧಕ್ಕೆಗೆ ಹೋಗುವ ರಸ್ತೆ. ರಸ್ತೆಯ ಅಂಚಿಗೆ ಎರಡಾಳೆತ್ತರದ ಕಾಂಕ್ರೀಟು ಗೋಡೆ. ಗೋಡೆಯ ಮೇಲಿನ ಸಮತಟ್ಟಿನಲ್ಲಿ ಸಾಲಾಗಿ ನಾಲ್ಕು ಮನೆ. ಮನೆಗಳ ಹಿಂದೆ ಗುಡ್ಡ. ರಸ್ತೆ ಅಗಲ ಮಾಡಲು ಗುಡ್ಡದ ಕಾಲು ಕಡಿದಾಗ, ಮೇಲಿನ ಮಣ್ಣು ಇಳಿಯದಿರಲೆಂದು ಕಟ್ಟಿದ ಗೋಡೆ ಅದು. ಧಕ್ಕೆಯ ಕಡೆಯ ತುದಿಯಲ್ಲಿ ಹಸಿರು ಬಳಿದು, ದೊಡ್ಡದೊಂದು ದೋಣಿಯ ಚಿತ್ರ ಬಿಡಿಸಿದ್ದಾರೆ. ಸುತ್ತಿನವರ ಮದುವೆ, ನಿಶ್ಚಯ, ಹುಟ್ಟುಹಬ್ಬದ ಫೋಟೋಗಳೆಲ್ಲ ಆ ದೋಣಿಯ ಮುಂದೆಯೇ. ಶಿಲ್ಪಾಳ ಸೀಮಂತದ್ದೂ ಅಲ್ಲಿಯೇ.

ನಾನು ಎದುರಿನಿಂದ ನೋಡಲಿಲ್ಲ, ಪಕ್ಕದಿಂದ ನೋಡಿದೆ. ಗೋಡೆಯನ್ನು ತುಂಡುತುಂಡಾಗಿ ಕಟ್ಟಿ ನಡುವೆ ಸಂದು ಬಿಟ್ಟಿರುತ್ತಾರೆ. ದೋಣಿಯ ಚಿತ್ರ ಅಂಥ ಒಂದು ಸಂದಿನ ಎರಡೂ ಬದಿಗೆ ಹರಡಿದೆ. ಮೂತಿಯ ಕಡೆಯ ತುಂಡು ಬಂಡೆಯ ಮೇಲೆ ಕೂತಿದೆ, ಹಾಗೆಯೇ ಇದೆ. ಉಳಿದ ದೋಣಿ ಇರುವ ತುಂಡು ಎರಡು ಬೆರಳಿನಷ್ಟು ರಸ್ತೆಗೆ ಮುಂದೆ ಬಂದಿದೆ. ಮುಂದೆ ಬಂದ ಅಂಚಿನಲ್ಲಿ ಬಣ್ಣವಿಲ್ಲ, ಬರೀ ಬೂದು ಕಾಂಕ್ರೀಟು. ಬಣ್ಣ ಬಳಿಯುವಾಗ ಆ ಅಂಚು ಹೊರಗೆ ಇರಲಿಲ್ಲ ಎಂದೇ ಅದರ ಅರ್ಥ. ಇದನ್ನು ನೋಡಲು ಡಿಪ್ಲೊಮಾ ಬೇಕಿಲ್ಲ, ಆದರೂ ನೋಡಬೇಕಾದವರು ಯಾರೂ ನೋಡಿರಲಿಲ್ಲ.

ಮಾವಶಿ ಮೆಟ್ಟಿಲ ಮೇಲೆ ನಿಂತಿದ್ದಳು. "ಬಂದ್ಯಾ? ಗೋಡೆಗೆ ಎಂತಾ ಮುತ್ತು ಕೊಡ್ತೆ ಅಲ್ಲಿ? ಮೇಲೆ ಬಾ!"

ಮೇಲೆ ಹೋಗಿ ಮನೆ ನೋಡಿದೆ. ಹಿಂದಿನ ಅಡುಗೆಕೋಣೆಯ ನೆಲದಲ್ಲಿ ಗೋಡೆಯಿಂದ ಗೋಡೆಗೆ ಒಂದು ಬಿರುಕು. ಅದರ ಮೇಲೆ ಒಣಮೀನಿನ ಬುಟ್ಟಿ ಇಟ್ಟಿದ್ದರು. ಮುಂದಿನ ಕೋಣೆಯಲ್ಲಿ ಶಿಲ್ಪಾ, ತೊಟ್ಟಿಲು, ಇದ್ದಲಿನ ಅಗ್ಗಿಷ್ಟಿಕೆ. ಆ ಕೋಣೆಯ ಕಿಟಕಿಯಿಂದ ಗೋಡೆಯ ತಲೆಗೆ ನಾಲ್ಕು ಹೆಜ್ಜೆ. ನಾನು ಕೇಳಿದ ಮೊದಲ ಪ್ರಶ್ನೆ: "ಅಳೆಯಲಿಕ್ಕೆ ಯಾರೂ ಬರುವುದಿಲ್ಲವಾ?"

"ಬತ್ರಲ್ಲಾ! ಹದಿನೈದು ದಿವ್ಸಕ್ಕೊಮ್ಮೆ ಬತ್ರು," ಎಂದ ಪುರ್ಸು ಕಾಕಾ. ಮಾವಶಿಯ ಗಂಡ. ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಬೋಟು ಮೇಲೆಳೆದು, ಜಗಲಿಯಲ್ಲಿ ಬಲೆ ಹೊಲಿಯುತ್ತ ಕೂತಿದ್ದ. "ಯಾವಾಗ್ಲೂ ಸೊನ್ನೆಯೇ. ಸೊನ್ನೆ ಬಂದ್ರೆ ಒಳ್ಳೇದಲ್ಲಾ?"

ಒಂದೆರಡು ಮಿಲಿಮೀಟರು ಸರಿದದ್ದು ಕಂಡರೂ ಸಾಕಿತ್ತು. ಅಳತೆಯಲ್ಲಿ ಚಲನೆ ಕಂಡರೆ ಮಾತ್ರ ಗೋಡೆ ಕಟ್ಟಿಸಿದ ರಸ್ತೆ ಕಚೇರಿಯವರು ಮಳೆಗಾಲ ಮುಗಿಯುವವರೆಗೆ ಧಕ್ಕೆಯ ಮೇಲಿನ ಸಭಾಗೃಹವನ್ನು ಈ ನಾಲ್ಕು ಮನೆಯವರಿಗೆ ತೆರೆದುಕೊಡುತ್ತಾರೆ. ಬೀಗ ಹಾಕಿದ ಆ ಸಭಾಗೃಹ ಜಗಲಿಯಿಂದಲೇ ಕಾಣುತ್ತದೆ. ಕಲ್ಲುನೆಲದ ಮೇಲಿದೆ, ಖಾಲಿ ಇದೆ. ಸೊನ್ನೆ ಇರುವವರೆಗೆ ಕೀಲಿಕೈ ಇಲ್ಲ.

ಎಲ್ಲಿಂದ ಅಳೆಯುತ್ತಾರೆ ಎಂದೆ. ಕಾಕಾ ಸೂಜಿಯಿಂದಲೇ ತೋರಿಸಿದ. ಅಂಗಳದ ಮಧ್ಯೆ, ತುಳಸಿಯ ಪಕ್ಕ, ಮೊಣಕಾಲೆತ್ತರದ ಕಾಂಕ್ರೀಟು ಕಂಬ. ತಲೆಯಲ್ಲಿ ಹಿತ್ತಾಳೆಯ ಮೊಳೆ. ಅಲ್ಲಿಂದ ಗೋಡೆಯ ತಲೆಯ ಮೇಲಿನ ಮೊಳೆಗಳಿಗೆ ಟೇಪು ಹಿಡಿಯುತ್ತಾರಂತೆ. ನೆಲ ಹೊಳೆಯ ಕಡೆ ಜಾರುತ್ತಿದ್ದರೆ ಅಂಗಳ, ತುಳಸಿ, ಕಂಬ, ಗೋಡೆ ಎಲ್ಲವೂ ಜೊತೆಗೇ ಹೋಗುತ್ತವೆ. ಅವುಗಳ ನಡುವಿನ ಅಂತರ ಬದಲಾಗುವುದಾದರೂ ಹೇಗೆ?

"ಕಾಕಾ, ನೀವೂ ಮಾವಶಿಯೂ ಒಂದೇ ದೋಣಿಯಲ್ಲಿ ಕೂತು, ನಿಮ್ಮಿಬ್ಬರ ನಡುವಿನ ಅಂತರ ಅಳೆದು, ದೋಣಿ ಮುಂದೆ ಹೋಗಿಲ್ಲ ಅಂದರೆ?"

"ಇವಳ ಜೊತೆ ದೋಣಿಲಿ ಕೂತ್ರೆ ಅಂತರ ಹೆಚ್ಚೇ ಇಟ್ಕೊಳ್ತೆ," ಎಂದು ನಕ್ಕ. ಆಮೇಲೆ ಸೂಜಿ ನಿಂತಿತು. ಕಂಬದ ಕಡೆ ನೋಡಿದ. ನಗು ಹೋಯಿತು.

ಸರಿಯುವ ವಸ್ತುವನ್ನು ಸರಿಯದ ವಸ್ತುವಿನಿಂದ ಅಳೆಯಬೇಕು. ಇದು ಮೊದಲ ವರ್ಷದ ಮೊದಲ ಪಾಠ. ಸರಿಯದ ವಸ್ತು ಅಲ್ಲೇ ಇತ್ತು. ಗೋಡೆಯ ಆಚೆ ತುದಿಯಲ್ಲಿ ಹೊಳೆಗೆ ಚಾಚಿದ ಕರೀ ಬಂಡೆ, ಆನೆಯ ಬೆನ್ನಿನಷ್ಟು. ಕಚೇರಿಯವರಿಗೆ ಇದು ಕಾಣಲಿಲ್ಲವೇ ಎಂದು ಕೇಳಿದೆ. ಕಾಕಾ ಮತ್ತೆ ಬಲೆಗೆ ಬಗ್ಗಿದ.

ಕೊನೆಗೆ ಶಿಲ್ಪಾ ಒಳಗಿನಿಂದ ಹೇಳಿದಳು: "ಕಂಡಿತ್ತು ಅಕ್ಕಾ. ಅವ್ರು ಮೊದ್ಲು ಮೊಳೆ ಹೊಡೀಲಿಕ್ಕೆ ಹೋದದ್ದು ಅದಕ್ಕೇ. ಅದು ಜಟಗನ ಕಲ್ಲು. ಕೇರಿಯವ್ರೆಲ್ಲ ಹೋಗಿ ಅಡ್ಡ ನಿಂತ್ರು. ಅಪ್ಪನೂ."

ಸಮುದ್ರಕ್ಕೆ ಮೊದಲ ದೋಣಿ ಇಳಿಸುವ ದಿನ ಕಾಯಿ ಒಡೆಯುವ ಕಲ್ಲು. ಅದರ ಮೇಲೆ ಚಪ್ಪಲಿ ಮೆಟ್ಟಿ ಹತ್ತುವುದಿಲ್ಲ, ಕಬ್ಬಿಣ ತಾಗಿಸುವುದಿಲ್ಲ. ಡ್ರಿಲ್ಲು ಹಿಡಿದು ಬಂದವರನ್ನು ತಡೆದು, "ದೇವ್ರಿಗೆ ತೂತು ಮಾಡ್ಬೇಡ್ರಿ, ನಮ್ಮ ಅಂಗಳದಾಗೆ ಹಾಕ್ರಿ, ಎಷ್ಟು ಬೇಕಾರೆ ಹಾಕ್ರಿ" ಎಂದು ಕೈಹಿಡಿದು ಕರೆತಂದವಳು ಮಾವಶಿ. ಚಹಾ, ಶಿರಾ ಕೊಟ್ಟದ್ದೂ ಅವಳೇ. ಜಾಗ ಹಸನಾಗಿರಲೆಂದು ತುಳಸಿಯ ಪಕ್ಕ ತೋರಿಸಿದಳು.

ನಾನು ಕೂಗಾಡಿದೆ. ನಿಮ್ಮ ಮನೆ ಜಾರುವುದನ್ನು ಹೇಳಬಹುದಾಗಿದ್ದ ಒಂದೇ ಕಲ್ಲನ್ನು ನೀವೇ ತಪ್ಪಿಸಿದಿರಿ ಎಂದೆ. ಮಾವಶಿ ಕಣ್ಣು ಕೆಂಪು ಮಾಡಿ, "ನಿಂಗೆ ಸಿಟ್ಟು ಯಾರ ಮೇಲೆ? ನಮ್ಮ ಮೇಲೋ ಜಟಗನ ಮೇಲೋ? ಅದು ಅಳತೆಗೆ ಬೇಕೇ ಬೇಕು, ಇಲ್ದಿದ್ರೆ ಆಗೂದಿಲ್ಲ ಅಂತ ಅವ್ರು ಒಂದು ಮಾತು ಹೇಳಿದ್ರಾ?" ಎಂದಳು.

ಹೇಳಿರಲಿಲ್ಲ. ಅದನ್ನು ಆ ರಾತ್ರಿ ಬರೆದಿಟ್ಟೆ, ಈಗಲೂ ಅದೇ ನನ್ನ ಅಭಿಪ್ರಾಯ. ಮೊಳೆ ಬೇಡ ಎಂದವರಿಗೆ ಅಳತೆಯ ವಿದ್ಯೆ ಗೊತ್ತಿರಲಿಲ್ಲ. ಗೊತ್ತಿದ್ದವರು ಡ್ರಿಲ್ಲು ತಂದ ಕಚೇರಿಯವರು. ಅವರು ಶಿರಾ ತಿಂದು, ಹೋಗಲಿ ಬಿಡಿ ಎಂದು ಅಂಗಳದಲ್ಲಿ ಕಂಬ ನೆಟ್ಟು ಹೋದರು.

ಜೂನ್ 15, ಭಾನುವಾರ. ಬೆಳಿಗ್ಗೆ ಮಳೆ ಬಿಟ್ಟಿತ್ತು. ಜಟಗನ ಪೂಜೆ ಮಾಡುವ ಗುನಗ ಬೊಮ್ಮಯ್ಯನವರ ಮನೆಗೆ ಕಾಕಾನೊಡನೆ ಹೋದೆ. ಎಂಬತ್ತರ ಹತ್ತಿರದ ಗಟ್ಟಿ ಮನುಷ್ಯ, ಗಂಜಿ ಕುಡಿಯುತ್ತಿದ್ದರು.

"ಓದ್ದೋಳು ದೇವ್ರಿಗೆ ಮೊಳೆ ಹೊಡೀಲಿಕ್ಕೆ ಬಂದ್ಯಾ?"

"ಮೊಳೆ ಬೇಡ ಅಜ್ಜಾ. ಒಂದು ದಾರ ಕಟ್ಟಬೇಕು."

"ದಾರ ಎಂತಕ್ಕೆ?"

ಹೇಳಿದೆ. ಅವರು ಗಂಜಿ ಮುಗಿಸಿದರು, ಕೈ ತೊಳೆದರು. ಹೊಸ ಬಲೆ ಕಟ್ಟಿದವರು ಮೊದಲ ಹಗ್ಗವನ್ನು ಆ ಕಲ್ಲಿಗೆ ಮೂರು ಸುತ್ತು ಸುತ್ತಿ ಬಿಚ್ಚಿಕೊಂಡು ಹೋಗುವ ಪದ್ಧತಿ ಅಲ್ಲಿದೆಯಂತೆ. "ಹಗ್ಗ ಸುತ್ತೂಕೆ ಯಾರ ಅಡ್ಡಿಯೂ ಇಲ್ಲ. ಮೊದ್ಲೇ ಹಗ್ಗ ಅಂದಿದ್ರೆ ಅವತ್ತೇ ಹೂಂ ಅಂತಿದ್ದೆ. ಅವ್ರು ಮಿಶನ್ ತಂದ್ರು. ಚಪ್ಪಲಿ ಕಳಚಿ ಹೋಗು. ಕಾಯಿ ನಿನ್ ಕಾಕಾ ತರ್ಲಿ." ನನಗೆ ನಗು ಬರಲಿಲ್ಲ. ಕೇಳಿದ್ದರೆ ಸಿಗುತ್ತಿದ್ದುದನ್ನು ಯಾರೂ ಕೇಳಿರಲಿಲ್ಲ.

ದಾರ ಎಂದರೆ ಮೀನು ಹಿಡಿಯುವ ದಪ್ಪ ನೈಲಾನ್ ಟಂಗೂಸು, ಕಾಕಾನದೇ. ಒಂದು ತುದಿ ಜಟಗನ ಕಲ್ಲಿಗೆ ಮೂರು ಸುತ್ತು. ಇನ್ನೊಂದು ತುದಿ ಧಕ್ಕೆಯ ಬದಿಯ ಬಂಡೆಗೆ; ಅದರಲ್ಲಿ ದೋಣಿ ಕಟ್ಟುವ ಹಳೆಯ ಕಬ್ಬಿಣದ ಬಳೆ ಇದೆ. ಎರಡೂ ಬಂಡೆ, ಎರಡೂ ಗುಡ್ಡದ ಜಾರುವ ಮಣ್ಣಿನ ಹೊರಗೆ. ನಡುವೆ ದಾರ ಬಿಗಿಯಾಗಿ, ಗೋಡೆಯ ಮುಖದಿಂದ ಒಂದು ಗೇಣು ದೂರದಲ್ಲಿ ಹಾದುಹೋಯಿತು. ಗೋಡೆಯ ಏಳು ಕಡೆ ಬಣ್ಣದ ಗುರುತು ಹಾಕಿ, ಪ್ರತಿ ಗುರುತಿನಿಂದ ದಾರಕ್ಕೆ ಸ್ಕೇಲು ಹಿಡಿದೆ. ದಾರ ನಡುವೆ ಸ್ವಲ್ಪ ಜೋತುಬೀಳುತ್ತದೆ. ಅದು ಕೆಳಕ್ಕೆ, ನನಗೆ ಬೇಕಾದದ್ದು ಅಡ್ಡಕ್ಕೆ, ಹಾಗಾಗಿ ತೂಗುಗುಂಡು ಇಳಿಬಿಟ್ಟು ನೋಡಿದರೆ ತೊಂದರೆ ಇಲ್ಲ. ತೊಂದರೆ ಕೊಟ್ಟದ್ದು ಗಾಳಿ. ಹೊಳೆಯ ಗಾಳಿಗೆ ದಾರ ತಂಬೂರಿಯ ಹಾಗೆ ನಡುಗುತ್ತಿತ್ತು. ಗಾಳಿ ತಣಿದ ಸಂಜೆಗೆ ಮತ್ತೆ ಎಲ್ಲವನ್ನೂ ಮೂರು ಮೂರು ಸಲ ಅಳೆದೆ. ನನ್ನ ಅಳತೆಗಳು ಒಂದಕ್ಕೊಂದು ಒಂದು ಮಿಲಿಮೀಟರಿಗಿಂತ ಹೆಚ್ಚು ತಪ್ಪಲಿಲ್ಲ. ದಾರಿಹೋಕರು ನಿಂತು ನೋಡಿದರು. ಒಬ್ಬಳು ಮೀನುಮಾರುವ ಹೆಂಗಸು, "ಗೋಡೆಗೆ ಅಂಗಿ ಹೊಲ್ಸ್ತೀರಾ?" ಎಂದು ಕೇಳಿ ಹೋದಳು.

ಅಳೆಯುವಾಗ ಇನ್ನೊಂದು ಕಂಡಿತು. ಗೋಡೆಯ ಹಿಂದಿನ ಮಳೆನೀರು ಹೊರಬರಲು ಬಿಟ್ಟ ತೂತುಗಳಿರುತ್ತವೆ. ಹಸಿರು ಬಳಿದ ಭಾಗದಲ್ಲಿ ಒಂದೂ ಇರಲಿಲ್ಲ. ತಟ್ಟಿ ನೋಡಿದರೆ, ಇದ್ದವು. ಸಿಮೆಂಟು ಮೆತ್ತಿ ಬಣ್ಣ ಹೊಡೆದಿದ್ದರು. ನೀರಿನ ಕಲೆ ಬಿದ್ದು ಚಿತ್ರ ಕೆಡಬಾರದಲ್ಲ! ಕಾಕಾ ಹಾರೆ ತಂದ. ದೋಣಿಯ ಹೊಟ್ಟೆಯಲ್ಲಿ ಮೊದಲ ತೂತು ಬಿಚ್ಚಿದಾಗ ಕೆಂಪು ನೀರು ನಮ್ಮಿಬ್ಬರ ಎದೆಗೆ ಹಾರಿತು. ಅಷ್ಟು ನೀರು ಗೋಡೆಯ ಬೆನ್ನಿಗೆ ಒತ್ತಿ ನಿಂತಿತ್ತು, ಮೇಲೆ ತೊಟ್ಟಿಲು ತೂಗುತ್ತಿತ್ತು. ಕತ್ತಲಾಗುವುದರೊಳಗೆ ಆರು ತೂತು ಬಿಚ್ಚಿದೆವು. ಮಾವಶಿ ಮೇಲಿನಿಂದ ನೋಡುತ್ತಿದ್ದಳು.

ರಾತ್ರಿಯಿಡೀ ಮಳೆ.

ಜೂನ್ 16, ಸೋಮವಾರ. ಎಂಟು ಗಂಟೆಗೆ ಗಾಳಿಯಿಲ್ಲದ ಹೊತ್ತು ನೋಡಿ ಅಳೆದೆ. ಬಂಡೆಯ ಮೇಲೆ ಕೂತ ತುಂಡಿನ ಗುರುತು ಇದ್ದಲ್ಲೇ ಇತ್ತು. ಅದರ ಪಕ್ಕದ್ದು ನಾಲ್ಕು ಮಿಲಿಮೀಟರು ದಾರದ ಹತ್ತಿರ ಬಂದಿತ್ತು. ನಡುವಿನದು, ಸರಿಯಾಗಿ ಶಿಲ್ಪಾಳ ಕಿಟಕಿಯ ಕೆಳಗಿನದು, ಒಂಬತ್ತು. ನನ್ನ ಮೇಲೇ ಸಂಶಯಪಟ್ಟು ದಾರ ಬಿಚ್ಚಿ, ಮತ್ತೆ ಕಟ್ಟಿ, ಅಳೆದೆ. ಒಂಬತ್ತೇ.

ಹತ್ತು ಗಂಟೆಗೆ ಬೈಕಿನಲ್ಲಿ ವಿನೋದ ಬಂದ. ಕಚೇರಿಯ ಗುತ್ತಿಗೆಯ ಹುಡುಗ, ನನ್ನದೇ ವಯಸ್ಸು, ಅಳೆದು ಬರೆದುಕೊಳ್ಳುವುದು ಅವನ ಕೆಲಸ. ನಾನು ಪಕ್ಕದಲ್ಲೇ ನಿಂತು ನೋಡಿದೆ. ಕಂಬದಿಂದ ಗೋಡೆಯ ತಲೆಗೆ ಟೇಪು ಎಳೆದ, ಹಿಂದಿನ ಸಲದ ಅಂಕಿಯೇ ಬಂತು, ಸೊನ್ನೆ ಎಂದು ಬರೆದ. ಅಳತೆಯಲ್ಲಿ ಅವನ ತಪ್ಪು ಒಂದಿಷ್ಟೂ ಇರಲಿಲ್ಲ. ಗೋಡೆ ಒಂಬತ್ತು ಸರಿದಿದೆ, ಗೋಡೆಗೂ ಕಂಬಕ್ಕೂ ಅಂತರ ಹಾಗೇ ಇದೆ ಎಂದರೆ ಕಂಬವೂ ಒಂಬತ್ತು ಸರಿದಿದೆ. ನನ್ನ ಮಾತಿಗೆ ಅವನ ಸೊನ್ನೆಯೇ ಸಾಕ್ಷಿ. ಹೀಗೆ ಹೇಳಿದಾಗ ತಲೆ ಕೆರೆದುಕೊಂಡ.

"ನೀವು ಹೇಳೂದು ಸರಿ ಇರಬಹುದು. ಆದ್ರೆ ನನ್ನ ಹಾಳೆಯಲ್ಲಿ ಕಂಬ ಸರಿದದ್ದು ಬರೆಯಲು ಜಾಗ ಇಲ್ಲ. ಸಾಹೇಬರಿಗೆ ಹೇಳಿ. ನಾ ಹೇಳಿದೆ ಅಂತ ಹೇಳ್ಬೇಡಿ."

ಕಾಕಾನೂ ನಾನೂ ಮಧ್ಯಾಹ್ನದ ಬಸ್ಸಿಗೆ ಕಚೇರಿಗೆ ಹೋದೆವು. ಒಂದೂವರೆ ತಾಸು ಬೆಂಚಿನ ಮೇಲೆ ಕೂತೆವು. ಸಾಹೇಬರು ಸಭ್ಯರು, ಕುರ್ಚಿ ತೋರಿಸಿದರು, ನನ್ನ ಅಂಕಿಗಳನ್ನು ಕನ್ನಡಕ ಹಾಕಿಕೊಂಡು ನೋಡಿದರು.

"ಇದನ್ನು ಯಾವ ಉಪಕರಣದಲ್ಲಿ ಅಳೆದಿರಿ?"

"ಟಂಗೂಸು, ಸ್ಕೇಲು, ತೂಗುಗುಂಡು."

"ಟಂಗೂಸು!" ಎಂದರು. ನಗಲಿಲ್ಲ, ಆದರೆ ಪಕ್ಕದ ಮೇಜಿನವರು ನಕ್ಕರು. "ನಮ್ಮ ಕಂಬದಿಂದ ಸೊನ್ನೆ ಇದೆಯಮ್ಮ."

"ಕಂಬವೂ ಸರಿದಿದೆ ಸರ್."

"ಕಂಬ ಹೇಗೆ ಸರಿಯುತ್ತದೆ? ಅದು ಕಾಂಕ್ರೀಟು."

"ಗೋಡೆಯೂ ಕಾಂಕ್ರೀಟೇ ಸರ್. ಅದು ಸರಿಯಬಹುದು ಎಂದೇ ಅಲ್ಲವೇ ನೀವು ಅಳೆಸುತ್ತಿರುವುದು?"

ಅವರು ಅಂಕಿಗಳ ಹಾಳೆಯನ್ನು ನನ್ನ ಕಡೆಗೆ ಸರಿಸಿದರು. ದೋಣಿಯ ಸಂದಿನ ಫೋಟೋ ತೋರಿಸಿದೆ. "ಕಟ್ಟುವಾಗಲೇ ಹಾಗಿತ್ತು" ಎಂದರು. ಬಣ್ಣವಿಲ್ಲದ ಅಂಚು ತೋರಿಸಿದೆ. "ಬಣ್ಣದವನು ಬಿಟ್ಟಿದ್ದಾನೆ." ಹಾಗಾದರೆ ಬಂದು ಒಮ್ಮೆ ನೋಡಿ ಎಂದೆ. ಮಳೆ ಕಡಿಮೆಯಾಗಲಿ ಎಂದರು. ಮಳೆ ಕಡಿಮೆಯಾದ ಮೇಲೆ ನೋಡಿ ಯಾರಿಗೆ ಏನು ಉಪಯೋಗ? ಕಾಕಾ ಎದ್ದು ನಿಂತು, "ಸಾಹೇಬ್ರೇ, ಸಭಾಗೃಹದ ಕೀಲಿ ಕೊಡ್ರಿ. ಅಳತೆ ಆಮೇಲೆ ಮಾಡ್ರಿ. ನನ್ನ ಮೊಮ್ಮಗು ಗೋಡೆ ಮೇಲೆ ಮಲಗ್ತದೆ," ಎಂದ. ಅಳತೆಯಿಲ್ಲದೆ ಆದೇಶವಿಲ್ಲ, ಆದೇಶವಿಲ್ಲದೆ ಕೀಲಿಯಿಲ್ಲ ಎಂದರು ಅವರು, ಬಹಳ ಸಮಾಧಾನದಿಂದ. ಆ ಸಮಾಧಾನ ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಸಂಜೆ ಜಗಲಿಯಲ್ಲಿ ನಾಲ್ಕು ಮನೆಯವರೂ ಸೇರಿದರು. ಗುನಗರೂ ಬಂದಿದ್ದರು. ದಾರ ಬಿಚ್ಚುವುದಿಲ್ಲ ಎಂದು ತೀರ್ಮಾನವಾಯಿತು. ಕಿಟಕಿಯ ಕೆಳಗಿನ ಗುರುತಿನಲ್ಲಿ ಗೋಡೆಗೆ ಒಂದು ಬಿದಿರ ಚೂರು ಅಂಟಿಸಿದೆವು. ಅದರ ತುದಿಗೂ ದಾರಕ್ಕೂ ಎರಡು ಬೆರಳು ಜಾಗ. ತುದಿ ದಾರಕ್ಕೆ ತಾಗಿದ ದಿನ ಯಾರನ್ನೂ ಕೇಳದೆ ಎಲ್ಲರೂ ಮನೆ ಬಿಡುವುದು. "ಬೀಗ?" ಎಂದರು ಯಾರೋ. "ಬೀಗ ನಾ ಒಡೀತೆ. ಹಾರೆ ಅದೆ," ಎಂದ ಕಾಕಾ.

"ಮಗೂನ್ನ ಇವತ್ತೇ ನಮ್ಮನೆಗೆ ಕಳಿಸಿ" ಎಂದೆ. ಮಾವಶಿ ಒಪ್ಪಲಿಲ್ಲ. ಮೂರು ತಿಂಗಳು ತುಂಬದೆ ಬಾಣಂತಿ ಬಸ್ಸು ಹತ್ತುವುದುಂಟೇ, ಗಾಳಿ ಹಿಡಿದರೆ ನೀನು ನೋಡಿಕೊಳ್ಳುತ್ತೀಯಾ ಎಂದು ನನ್ನ ಮೇಲೆ ಹರಿಹಾಯ್ದಳು. ಶಿಲ್ಪಾ ತೊಟ್ಟಿಲ ಹಗ್ಗ ಹಿಡಿದು ಕೂತಿದ್ದವಳು, "ಆಯಿ, ನಿನ್ನೆ ಗೋಡೆಯಿಂದ ನೀರು ಹಾರಿದ್ದು ನಾನೂ ಕಂಡೆ. ನಾ ಹೋಗ್ತೆ," ಎಂದಳು. ಮಾವಶಿ ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮಗುವಿನ ಕುಂಚಿಗೆಗಳನ್ನು ಮಡಚುವ ಸದ್ದು ಕೇಳಿತು.

ಜೂನ್ 17, ಮಂಗಳವಾರ. ಎಂಟೂ ಕಾಲಿನ ಬಸ್ಸು. ಶಿಲ್ಪಾಳಿಗೆ ಕಿವಿಗೆ ಹತ್ತಿ, ತಲೆಗೆ ಶಾಲು. ಮಗುವಿಗೆ ಮೂರು ಸುತ್ತು ಬಟ್ಟೆ. ಲೇಹ್ಯದ ಡಬ್ಬಿಯೂ ನಮ್ಮ ಜೊತೆಗೇ ವಾಪಸು ಹೊರಟಿತು. "ನೀನೂ ಬಾ ಮಾವಶಿ" ಎಂದೆ. "ಈ ಎರಡು ತಿಂಗ್ಳು ಊಟ ಆ ಒಣಮೀನಿಂದ. ಅದನ್ನ ಯಾರ ತಲೆ ಮೇಲೆ ಹೊರಿಸ್ಲಿ?" ಎಂದಳು. ದಾರಕ್ಕೆ ಟೆಂಪೋ ತಾಗದಿರಲೆಂದು ತನ್ನ ಹಳೆಯ ಕೆಂಪು ಸೀರೆಯ ಚೂರು ಕಟ್ಟಿದ್ದಳು. ಬಸ್ಸು ತಿರುವು ದಾಟುವಾಗ ತಿರುಗಿ ನೋಡಿದೆ. ದಾರ ಕಾಣಲಿಲ್ಲ. ಗೋಡೆಯ ಮುಂದೆ ಗಾಳಿಯಲ್ಲಿ ನಿಂತ ಹಾಗೆ ಆ ಕೆಂಪು ಚೂರು, ಅದರ ಪಕ್ಕ ಬಗ್ಗಿ, ಎರಡು ಬೆರಳು ಇಟ್ಟು ನೋಡುತ್ತಿದ್ದ ಮಾವಶಿ.

ಇದನ್ನು ಬರೆಯುವಾಗ ಜುಲೈ ಮೊದಲ ವಾರ. ಮಗು ಶಿರವಾಡದಲ್ಲಿ ಚೆನ್ನಾಗಿದೆ, ಗಾಳಿ ಹಿಡಿದಿಲ್ಲ. ತೂತು ಬಿಚ್ಚಿದ ಮೇಲೆ ಗೋಡೆ ನಿಧಾನವಾಗಿದೆ, ನಿಂತಿಲ್ಲ. ಬಿದಿರಿಗೂ ದಾರಕ್ಕೂ ಈಗ ಒಂದೇ ಬೆರಳು ಎಂದು ಮಾವಶಿ ನಿನ್ನೆ ಫೋನಿನಲ್ಲಿ ಹೇಳಿದಳು. ವಿನೋದ ಮತ್ತೊಮ್ಮೆ ಬಂದು ಹೋದ. ಸೊನ್ನೆ.

ಕಟ್ಟುವಾಗಲೇ ಹಾಗಿತ್ತು ಎಂಬ ಒಂದು ಮಾತಿನ ಮೇಲೆ ಕೀಲಿಕೈ ನಿಂತಿದೆ. ಸಂದಿನ ಎರಡೂ ಬದಿ ಸಮವಾಗಿದ್ದಾಗ ತೆಗೆದ, ಅದು ಸುಳ್ಳೆಂದು ತೋರಿಸುವ ಚಿತ್ರ ಯಾರದೋ ಮನೆಯ ಆಲ್ಬಮ್ಮಿನಲ್ಲಿ, ಯಾರದೋ ಫೋನಿನಲ್ಲಿ ಇದ್ದೇ ಇದೆ. ಶಿಲ್ಪಾಳ ಸೀಮಂತದ್ದು ಎದುರಿನಿಂದ ತೆಗೆದದ್ದು, ಅದರಲ್ಲಿ ತಿಳಿಯುವುದಿಲ್ಲ. ಅಂಕೋಲೆ, ಮಂಜಗುಣಿ ಕಡೆಯವರಿಗೆ ಹಸಿರು ಗೋಡೆಯ ದೋಣಿ ಯಾವುದೆಂದು ಹೇಳಬೇಕಿಲ್ಲ. ಅದರ ಮುಂದೆ ನಿಂತು, ಸ್ವಲ್ಪ ಪಕ್ಕದಿಂದ ತೆಗೆಸಿಕೊಂಡ ಫೋಟೋ ನಿಮ್ಮಲ್ಲಿದ್ದರೆ, ಯಾವ ದಿನದ್ದು ಎಂದು ನೆನಪಿದ್ದರೆ, ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೆ ಬರೆಯಿರಿ. ಗೋಡೆ ಕಟ್ಟಿದವರು, ಬಣ್ಣ ಬಳಿದವರು ಓದುತ್ತಿದ್ದರೆ ಅವರೂ ಬರೆಯಲಿ. ಫೋಟೋದಲ್ಲಿ ಮದುಮಗಳ ಮುಖ ಮರೆಮಾಡಿ ಕಳಿಸಿದರೂ ಅಡ್ಡಿಯಿಲ್ಲ. ಅವಳ ಹೆಗಲ ಹಿಂದಿನ ಸಂದು ಕಂಡರೆ ಸಾಕು.